ಆಸ್ಪತ್ರೆಯ ರೇಡಿಯೋದಲ್ಲಿ ಮಾತಾಡಲು ಕಲಿತದ್ದು

ಆಗ ನನಗೆ ಅರವತ್ತೆಂಟು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ಆ ಪ್ರಾಯದಲ್ಲಿ ನಾನು ಅಬುಧಾಬಿಯ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಮಾತಾಡುವುದು ಹೇಗೆ ಎಂದು ಕಲಿತೆ. ಅಲ್ಲಿಯವರೆಗೆ ನನಗೆ ಮಾತು ಬರುತ್ತದೆ ಎಂದೇ ತಿಳಿದಿದ್ದೆ. ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ ಎಂದು ಮನೆಯವರು ಹೇಳುತ್ತಿದ್ದರು.

ನಾನಿದ್ದದ್ದು ದುಬೈಯ ಅಲ್ ನಹ್ದಾದಲ್ಲಿ, ಮಗಳ ಮನೆಯಲ್ಲಿ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳು ಸ್ಕೂಲ್ ಬಸ್ಸಿನಿಂದ ಇಳಿಯುವಾಗ ಬಿಲ್ಡಿಂಗಿನ ಕೆಳಗೆ ನಿಲ್ಲಲು ಒಬ್ಬರು ಬೇಕಿತ್ತು, ಅದಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಹೇಗೋ ನಡೆಯುತ್ತಿತ್ತು.

ನನ್ನ ತಂಗಿ ಅಬುಧಾಬಿಯಲ್ಲಿದ್ದಳು. ಅವಳ ಗಂಡ ಅಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ, ಅಲ್ಲಿಯೇ ಸತ್ತ. ಆಮೇಲೆ ಮಗನ ಜೊತೆ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಫ್ಲಾಟಿನಲ್ಲಿ ಇದ್ದಳು. ಮಗನಿಗೆ ಅಲ್ ಮೀನಾದ ತರಕಾರಿ ಮಾರ್ಕೆಟ್ಟಿನಲ್ಲಿ ಕೆಲಸ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು ಎಂದು ಅಲ್ಲಿ ಕಾನೂನು. ಇವಳು ಒಣಗಿಸುತ್ತಿದ್ದಳು. ಒಂದು ದಿನ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಿದ್ದಳು.

ಸ್ಟ್ರೋಕ್ ಎಂದರು. ಅದರ ನಂತರ ಅವಳು ಏಳಲಿಲ್ಲ, ಮಾತಾಡಲಿಲ್ಲ. ಕಣ್ಣು ಅರ್ಧ ತೆರೆದೇ ಇರುತ್ತಿತ್ತು. ಮೂಗಿನಲ್ಲಿ ಊಟದ ನಳಿಗೆ. ದೊಡ್ಡ ಆಸ್ಪತ್ರೆಯಲ್ಲಿ ಸ್ವಲ್ಪ ಸಮಯ ಇಟ್ಟು, ಆಮೇಲೆ ಇನ್ನೊಂದು ಆಸ್ಪತ್ರೆಗೆ ಹಾಕಿದರು. ಅಲ್ಲಿ ಒಂದು ಕಡೆ ಆಪರೇಷನ್ ಮಾಡಿಸಿಕೊಂಡು ಹೋಗುವವರು, ಇನ್ನೊಂದು ಕಡೆ ಬಹಳ ಕಾಲ ಮಲಗುವವರು. ಇವಳನ್ನು ಮಲಗುವವರ ಕಡೆಗೆ ಹಾಕಿದ್ದರು.

ಡಾಕ್ಟರು ಅವಳ ಮಗನ ಹತ್ತಿರ ಒಂದು ಮಾತು ಹೇಳಿದ್ದರು. ಸೀಟಿನಲ್ಲಿ ಕೂರುವಷ್ಟಾದರೆ ವಿಮಾನದಲ್ಲಿ ಊರಿಗೆ ಕರೆದುಕೊಂಡು ಹೋಗಬಹುದು. ಮಲಗಿಸಿಕೊಂಡು ಹೋಗುವುದಾದರೆ ಸ್ಟ್ರೆಚರು ಬೇಕು, ಜೊತೆಗೆ ಡಾಕ್ಟರು ಬೇಕು, ನರ್ಸು ಬೇಕು. ಅದು ನಮ್ಮಂಥವರಿಂದ ಆಗುವ ಕೆಲಸ ಅಲ್ಲ. ಹಾಗಾಗಿ ನನಗೆ ಬೇಕಾದದ್ದು ಇಷ್ಟೇ. ಅವಳು ಕೂರಬೇಕು. ಕೂತರೆ ನಾನೇ ಪಕ್ಕದ ಸೀಟಿನಲ್ಲಿ ಹಿಡಿದುಕೊಂಡು ಮಂಗಳೂರಿನವರೆಗೆ ಹೋಗುತ್ತಿದ್ದೆ.

ಅವಳಿಗೆ ಕೇಳುತ್ತದಾ ಎಂದು ನಾನು ಡಾಕ್ಟರ ಹತ್ತಿರ ಕೇಳಿಸಿದೆ. ಕೇಳಲೂಬಹುದು, ಕೇಳದಿರಲೂಬಹುದು ಎಂದರು. ಅಷ್ಟು ಹೇಳಲು ನಾನೂ ಡಾಕ್ಟರಾಗಬಹುದಿತ್ತು.

ವಾರ್ಡಿನಲ್ಲಿ ಒಬ್ಬಳು ಮಲಯಾಳಿ ನರ್ಸ್ ಇದ್ದಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿದವಳು, ಕನ್ನಡವೂ ಬರುತ್ತಿತ್ತು, ತುಳುವೂ ಸ್ವಲ್ಪ ಬರುತ್ತಿತ್ತು. ಶನಿವಾರ ಶನಿವಾರ ನಾನು ಹೋಗಿ ತಂಗಿಯ ಕಿವಿಯ ಹತ್ತಿರ ಮಾತಾಡುವುದನ್ನು ಅವಳು ನೋಡುತ್ತಿದ್ದಳು. ಭೇಟಿಗೆ ಒಂದು ಗಂಟೆ ಬಿಡುತ್ತಿದ್ದರು. ಒಂದು ಗಂಟೆ ನಾನು ಒಬ್ಬಳೇ ಮಾತಾಡಿ ಗಂಟಲು ಒಣಗಿಸಿಕೊಂಡು ಬರುತ್ತಿದ್ದೆ.

ಒಂದು ದಿನ ಅವಳು ಹೇಳಿದಳು, "ಅಮ್ಮಾ, ವಾರಕ್ಕೊಂದು ಸಲ ಸಾಕಾಗುದಿಲ್ಲ. ಗುರ್ತದ ಸ್ವರ ದಿನಾ ಕಿವಿಗೆ ಬಿದ್ದರೆ ಕೆಲವರಿಗೆ ಎಚ್ಚರ ಆದದ್ದುಂಟು."

"ನೀನು ಕಂಡಿದ್ದೀಯಾ?"

"ಒಬ್ಬರನ್ನು ಕಂಡಿದ್ದೇನೆ."

"ಒಬ್ಬರಾದರೆ ಸಾಕು. ನಮ್ಮದೂ ಒಬ್ಬಳೇ."

ಫೋನಿನಲ್ಲಿ ನನ್ನ ಮಾತು ರೆಕಾರ್ಡ್ ಮಾಡಿ ಇಡಬಹುದಲ್ಲ ಎಂದೆ. ಆ ವಾರ್ಡಿನಲ್ಲಿ ಫೋನ್ ಬಿಟ್ಟು ಹೋಗುವ ಹಾಗಿಲ್ಲವಂತೆ. ಒಂದೊಂದು ಮಂಚದ ಹತ್ತಿರ ಫೋನ್ ಹಿಡಿದು ನಿಲ್ಲಲು ನರ್ಸುಗಳಿಗೆ ಪುರುಸೊತ್ತೂ ಇಲ್ಲ. ಆಗ ಅವಳು ದಿಂಬಿನ ಬದಿಯಲ್ಲಿ ಬಿಲ್ಲೆಯ ಹಾಗಿದ್ದ ಒಂದು ಸಣ್ಣ ಸ್ಪೀಕರನ್ನು ತೋರಿಸಿದಳು. ಆಸ್ಪತ್ರೆಯದೇ ರೇಡಿಯೋ. ಕೆಳಗೆ ಒಂದು ಕೋಣೆಯಲ್ಲಿ ಜನ ಕೂತು ಮಾತಾಡುತ್ತಾರೆ, ಅದು ಎಲ್ಲ ಮಂಚಗಳಿಗೂ ಬರುತ್ತದೆ. ಅರಬ್ಬಿ ಉಂಟು, ಇಂಗ್ಲಿಷ್ ಉಂಟು, ಮಲಯಾಳ ಉಂಟು, ಉರ್ದು ಉಂಟು. ಕನ್ನಡ ಹೊಸತಾಗಿ ಶುರು ಮಾಡುತ್ತಾರಂತೆ. ಒಮ್ಮೆ ಮಾತಾಡಿದ್ದನ್ನು ವಾರವಿಡೀ ಸಂಜೆ ಸಂಜೆ ಹಾಕುತ್ತಾರೆ. ಸಂಬಳ ಇಲ್ಲ. ಆದರೆ ಯಾರು ಬೇಕಾದರೂ ಬಂದು ಕೂತು ಮಾತಾಡುವ ಹಾಗಿಲ್ಲ, ನಾಲ್ಕು ಶನಿವಾರ ಟ್ರೈನಿಂಗ್ ಉಂಟು, ಕೊನೆಗೆ ಪರೀಕ್ಷೆಯ ಹಾಗೆ ಮಾತಾಡಿಸಿ ನೋಡುತ್ತಾರೆ, ಪಾಸಾದರೆ ಮಾತ್ರ.

"ಪ್ರಾಯ ಆದವರನ್ನು ತೆಗೆದುಕೊಳ್ತಾರಾ?"

"ಪ್ರಾಯ ಕೇಳುದಿಲ್ಲ ಅಮ್ಮಾ. ಇಲ್ಲಿ ಕೇಳದೆ ಇರುವ ಕೆಲಸ ಇದೊಂದೇ."

ಮನೆಗೆ ಬಂದು ಹೇಳಿದೆ. ಮಗಳು ಮೊದಲು ನಗಾಡಿದಳು, ಆಮೇಲೆ ಬಯ್ದಳು.

"ಅಮ್ಮ, ನಿನಗೆ ಮರುಳಾ? ಮೂರನೇ ಕ್ಲಾಸ್ ಓದಿದವಳಿಗೆ ರೇಡಿಯೋ ಎಂತದು? ಅಲ್ಲಿ ಎದುರು ಪೇಪರ್ ಇಡ್ತಾರೆ. ಓದ್ಲಿಕ್ಕೆ ನಿನ್ನಿಂದ ಆಗ್ತದಾ?"

"ನೀನು ಓದಿ ಹೇಳು. ನಾನು ಬಾಯಿಪಾಠ ಮಾಡ್ತೇನೆ."

"ಮೆಟ್ರೋ ಹತ್ತಿ, ಬಸ್ಸು ಹತ್ತಿ, ಶನಿವಾರ ಶನಿವಾರ ಇಡೀ ದಿನ!"

"ಈಗಲೂ ಹೋಗ್ತೇನಲ್ಲ. ಒಂದು ಗಂಟೆ ಮಾತಾಡಿ ಬರುವವಳು ಎರಡು ಗಂಟೆ ಮಾತಾಡಿ ಬರ್ತೇನೆ."

ಅಳಿಯ ಸೋಫಾದಿಂದ ತಲೆ ಎತ್ತದೆ ಹೇಳಿದ, "ಹೋಗ್ಲಿ ಬಿಡು ಮಾರಾಯ್ತಿ. ಅಷ್ಟು ಹೊತ್ತು ನಮಗೂ ರೆಸ್ಟ್."

ಒಳ್ಳೆಯ ಮನುಷ್ಯ ಅವನು. ಮರುದಿನವೇ ಫೋನಿನಲ್ಲಿ ಏನೇನೋ ಒತ್ತಿ ನನ್ನ ಹೆಸರು ಸೇರಿಸಿದ್ದು ಅವನೇ.

ರೇಡಿಯೋ ಕೋಣೆ ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗದ ಪಕ್ಕದಲ್ಲಿತ್ತು. ಗೋಡೆಗೆ ಕಪ್ಪು ಸ್ಪಂಜು ಹೊಡೆದಿದ್ದರು. ಹಾಗಿದ್ದರೂ ಒಗೆಯುವ ಮೆಷಿನಿನ ಗುಂಯ್ ಸದ್ದು ಕಾಲಿನಡಿಗೆ ಬರುತ್ತಿತ್ತು. ನನ್ನ ಹಾಗೆ ಕಲಿಯಲು ಬಂದವರು ಬೇರೆ ಬೇರೆ ಭಾಷೆಯವರು. ಸಲೂನಿನಲ್ಲಿ ಕೆಲಸ ಮಾಡುವ ಒಬ್ಬಳು ಫಿಲಿಪಿನೋ ಹೆಂಗಸು, ಬಾಯಿ ತೆರೆದರೆ ಹಾಡುವವಳು. ಕಾಲೇಜಿಗೆ ಸರ್ಟಿಫಿಕೇಟ್ ಬೇಕೆಂದು ಬಂದ ಒಬ್ಬಳು ಅರಬ್ಬಿ ಹುಡುಗಿ. ಮಗನ ಮನೆಯಲ್ಲಿ ಕೂತು ಬೇಸರ ಬಂದ ಒಬ್ಬ ಪಾಕಿಸ್ತಾನಿ ಮುದುಕ. ನಮ್ಮ ಕನ್ನಡವನ್ನು ನೋಡಿಕೊಳ್ಳಲು ಮೈಸೂರು ಕಡೆಯ ಒಬ್ಬಳು ಹೆಂಗಸು, ಕಂಪ್ಯೂಟರ್ ಆಫೀಸಿನವಳು, ರಜೆಯ ದಿನ ಬಂದು ಕಲಿಸುತ್ತಿದ್ದಳು. ಅವಳ ಕನ್ನಡ ನನಗೆ ರೇಷ್ಮೆ ಸೀರೆಯ ಹಾಗೆ ಕಂಡಿತು. ನುಣುಪು ಉಂಟು, ದಿನಾ ಉಡಲು ಆಗುವುದಿಲ್ಲ. ನನ್ನನ್ನು ಅಮ್ಮ ಎಂದೇ ಕರೆದಳು. ಕೊನೆಯವರೆಗೂ ಒಮ್ಮೆಯೂ ಮುಖ ಗಂಟು ಹಾಕಲಿಲ್ಲ. ಅದೂ ಒಂದು ಕಷ್ಟವೇ, ಜಗಳ ಮಾಡಲು ಆಗುವುದಿಲ್ಲ.

ಮೊದಲ ದಿನ ಹೇಳಿದ್ದು, ಮೈಕಿನ ಹತ್ತಿರ ಬಳೆ ಸದ್ದಾಗಬಾರದು ಎಂದು. ನನ್ನ ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಸತ್ತದ್ದು ರೇಡಿಯೋಗೆ ಒಂದು ಉಪಕಾರ ಆಯಿತು. ಆಮೇಲೆ ಮಾತಾಡುವಾಗ ನಗಬೇಕು ಎಂದಳು. ಮುಖ ಕಾಣದ ರೇಡಿಯೋದಲ್ಲಿ ಯಾಕೆ ನಗುವುದು ಎಂದು ಕೇಳಿದೆ. ನಗು ಸ್ವರದಲ್ಲಿ ಗೊತ್ತಾಗುತ್ತದಂತೆ. ನಕ್ಕು ಮಾತಾಡಿದೆ. ಹೆಡ್‌ಫೋನ್ ಹಾಕಿಸಿ ನನ್ನದೇ ಸ್ವರ ನನಗೆ ಕೇಳಿಸಿದಳು. ಹಲ್ಲುನೋವು ಇರುವವಳ ಹಾಗೆ ಇತ್ತು.

"ಈಗ ಶುರು ಮಾಡಿ ಅಮ್ಮ. ಎದುರುಗಡೆ ಒಬ್ರು ಪೇಷೆಂಟ್ ಮಲಗಿದ್ದಾರೆ ಅಂದ್ಕೊಳ್ಳಿ."

"ಎಲ್ಲರಿಗೂ ನಮಸ್ಕಾರ. ಊಟ ಆಯ್ತಾ?"

ಅವಳು ಕೈ ಎತ್ತಿದಳು. "ಅದನ್ನ ಕೇಳೋ ಹಾಗಿಲ್ಲಮ್ಮ. ಆಪರೇಷನ್‌ಗೆ ಅಂತ ಉಪವಾಸ ಇಟ್ಟಿರ್ತಾರೆ. ನಳಿಗೆಯಲ್ಲಿ ಊಟ ಹೋಗೋರು ಇರ್ತಾರೆ. ಪಾಪ, ಅವರಿಗೆ ಹೇಗಾಗ್ಬೇಡ?"

"ಅದು ಊಟದ ವಿಷಯ ಅಲ್ಲ ಮಾರಾಯ್ತಿ. ನಮ್ಮಲ್ಲಿ ಮಾತು ಶುರು ಮಾಡುವುದೇ ಹಾಗೆ."

"ಬೇರೆ ಥರ ಶುರು ಮಾಡಿ."

"ಬೇರೆ ಥರ ಶುರು ಮಾಡಿದರೆ ಅದು ಜಗಳ ಆಗ್ತದೆ."

ಅವಳು ನಕ್ಕಳು. ಆದರೆ ಬಿಡಲಿಲ್ಲ. ಊಟ ಕೇಳಬಾರದು. ಕಾಯಿಲೆಯ ಹೆಸರು ಹೇಳಬಾರದು. ಔಷಧ ಹೇಳಿಕೊಡಬಾರದು. ದೇವರ ಹೆಸರು ಎತ್ತಬಾರದು, ಎಲ್ಲ ಮತದವರೂ ಮಲಗಿರುತ್ತಾರೆ. ಯಾರೋ ಒಬ್ಬರ ಹೆಸರು ಹಿಡಿದು ಅವರಿಗೆಂದೇ ಮಾತಾಡಬಾರದು, ಉಳಿದವರಿಗೆ ಬೇಸರ ಆಗುತ್ತದೆ. ತಂಗಿಯ ಹೆಸರು ಹಾಗೆ ಹೋಯಿತು. ಸ್ವರ ಒಂದಾದರೂ ಹೋಗಲಿ ಎಂದುಕೊಂಡೆ.

ತುಳುವಿನಲ್ಲಿ ಹೇಳುತ್ತೇನೆ ಎಂದೆ. ಅದಕ್ಕೂ ಆಗುವುದಿಲ್ಲ ಎಂದಳು.

"ಇದು ಕನ್ನಡಕ್ಕೆ ಕೊಟ್ಟಿರೋ ಟೈಮ್ ಅಮ್ಮ. ತುಳು ನನಗೆ ಅರ್ಥ ಆಗಲ್ಲ. ಅರ್ಥ ಆಗದೇ ಇರೋದನ್ನ ನಾನು ಹೇಗೆ ಪಾಸ್ ಮಾಡ್ಲಿ?"

"ನಿಮಗೆ ಅರ್ಥ ಆಗಬೇಕಾದ್ದು ಎಂತಕ್ಕೆ? ನೀವು ಮಲಗಿದ್ದೀರಾ?"

"ಮೇಲಿನವರು ನನ್ನನ್ನ ಕೇಳ್ತಾರಮ್ಮ."

ನಾನೂ ತಂಗಿಯೂ ಹುಟ್ಟಿದಂದಿನಿಂದ ಒಬ್ಬರಿಗೊಬ್ಬರು ಕನ್ನಡ ಮಾತಾಡಿದವರಲ್ಲ. ನಮಗೆ ಕನ್ನಡ ಎಂದರೆ ಶಾಲೆ, ಪಂಚಾಯತು, ಬಸ್ಸಿನ ಕಂಡಕ್ಟರು. ಆ ಸ್ವರದಲ್ಲಿ ನಾನು ಮಾತಾಡಿದರೆ ಅವಳು ನನ್ನನ್ನು ಗುರುತು ಹಿಡಿಯುತ್ತಾಳಾ, ಅಥವಾ ಯಾವುದೋ ಟೀಚರು ಬಂದರೆಂದು ಇನ್ನೂ ಗಟ್ಟಿ ಕಣ್ಣು ಮುಚ್ಚುತ್ತಾಳಾ?

ಎರಡನೇ ಶನಿವಾರ, ಯಾವ ವಿಷಯ ಮಾತಾಡುತ್ತೀರಿ ಎಂದು ಕೇಳಿದಳು. ಹತ್ತು ನಿಮಿಷದ ಮಾತು ಬೇಕು. ನಮ್ಮಿಬ್ಬರ ಆಯುಷ್ಯ ಹೋದದ್ದು ಬೀಡಿ ಕಟ್ಟುವುದರಲ್ಲಿ. ಎಲೆ ನೆನೆಸುವುದು, ಕತ್ತರಿಸುವುದು, ಬೀಡಿ ಸುರುಟುವುದು, ಜಗಲಿಯಲ್ಲಿ ಕಾಲು ಚಾಚಿ ಕೂತು ಊರಿನ ಹೆಂಗಸರೆಲ್ಲ ಒಬ್ಬರನ್ನೊಬ್ಬರು ದೂರುವುದು. ಅದನ್ನು ಹೇಳುತ್ತೇನೆ ಎಂದೆ. ಅವಳ ಮುಖ ಸಣ್ಣದಾಯಿತು.

"ಬೀಡಿ ಬೇಡಮ್ಮ. ಇದು ಆಸ್ಪತ್ರೆ. ತಂಬಾಕಿನ ಮಾತು ಬರೋ ಹಾಗಿಲ್ಲ."

"ಊಟ ಬೇಡ, ದೇವರು ಬೇಡ, ಬೀಡಿ ಬೇಡ. ಮತ್ತೆ ಉಳಿದದ್ದು ಎಂತ?"

"ಹವಾಮಾನ ಹೇಳಿ. ಅದು ಎಲ್ಲರಿಗೂ ನಡೆಯುತ್ತೆ."

"ಇಲ್ಲಿ ಎಂತ ಹವಾಮಾನ ಉಂಟು? ನಿನ್ನೆ ಬಿಸಿಲು, ಇವತ್ತು ಬಿಸಿಲು. ಎರಡು ಮಾತಿಗೆ ಮುಗೀತದೆ."

ಕೊನೆಗೆ ದೋಣಿಯ ಮಾತಿಗೆ ಒಪ್ಪಿಕೊಂಡಳು. ಕಟ್ಟಿದ ಬೀಡಿ ಕೊಡಲು ನಾವು ಹೊಳೆ ದಾಟಿ ಹೋಗಬೇಕಿತ್ತು. ಬೀಡಿಯನ್ನು ಬಿಟ್ಟು ಹೊಳೆಯನ್ನು ಮಾತ್ರ ಹೇಳಬೇಕು ಎಂದು ತೀರ್ಮಾನವಾಯಿತು. ಯಾಕೆ ದಾಟುತ್ತಿದ್ದೆವು ಎಂದು ಕೇಳುವವನಿಗೆ ಗೊತ್ತಾಗುವುದಿಲ್ಲ. ಇಬ್ಬರು ಹುಡುಗಿಯರು ವಾರ ವಾರ ಸುಮ್ಮನೆ ಹೊಳೆ ದಾಟುತ್ತಾರೆ, ವಾಪಸು ಬರುತ್ತಾರೆ. ಆಗಲಿ ಎಂದೆ.

ಅದೇ ದಿನ ಅವಳು ಕೊನೆಯ ಮಾತು ಕಲಿಸಿದಳು. ಅಲ್ಲಿಂದ ನನಗೂ ಅವಳಿಗೂ ಎಳೆದಾಟ ಶುರು. ಯಾವ ಭಾಷೆಯವರೇ ಆಗಲಿ, ಏನೇ ಮಾತಾಡಲಿ, ಮುಗಿಸುವಾಗ ಎಲ್ಲರೂ ಒಂದೇ ಮಾತು ಹೇಳಬೇಕು. "ಮುಂದಿನ ವಾರ ಇಲ್ಲೇ, ಇದೇ ಹೊತ್ತಿಗೆ ಮತ್ತೆ ಸಿಗೋಣ."

"ಅದನ್ನು ನಾನು ಹೇಳುದಿಲ್ಲ" ಎಂದೆ.

"ಯಾಕಮ್ಮ?"

"ಆಸ್ಪತ್ರೆಯಲ್ಲಿ ಮಲಗಿದವರಿಗೆ ಹಾಗೆ ಹೇಳುವ ಕ್ರಮ ಇಲ್ಲ. ಆಸ್ಪತ್ರೆಗೆ ನೋಡಲು ಹೋದರೆ ನಾವು ಬರ್ತೇನೆ ಅಂತ ಹೇಳಿ ಹೊರಡುದಿಲ್ಲ. ಸುಮ್ಮನೆ ಎದ್ದು ಬರುದು. ಹೇಳಿದರೆ, ನಾನು ಪುನಃ ಬರುವವರೆಗೆ ನೀನು ಇಲ್ಲೇ ಬಿದ್ದಿರು ಅಂತ ಹೇಳಿದ ಹಾಗೆ."

"ನಮ್ಮಲ್ಲೂ ಸಾವಾದ ಮನೇಲಿ ಹೋಗ್ಬರ್ತೀನಿ ಅನ್ನಲ್ಲ. ಆದ್ರೆ ಇದು ರೇಡಿಯೋ ಅಮ್ಮ. ಟೀವಿಯಲ್ಲೆಲ್ಲ ಹೇಳ್ತಾರಲ್ಲ, ಮತ್ತೆ ಸಿಗೋಣ ಅಂತ?"

"ಟೀವಿ ನೋಡುವವ ಅವನ ಮನೆಯಲ್ಲಿ ಕೂತಿದ್ದಾನೆ. ಅವ ಅಲ್ಲೇ ಇರಬೇಕಾದವ."

ಅವಳಿಗೆ ಅದು ಅರ್ಥವಾಯಿತು, ಸುಳ್ಳು ಹೇಳಬಾರದು. ಆದರೂ ಮೇಲಿನವರು ಕೊಟ್ಟ ಕಾರಣ ಹೇಳಿದಳು. ಎಷ್ಟೋ ಜನರನ್ನು ನೋಡಲು ಯಾರೂ ಬರುವುದಿಲ್ಲ, ಒಂದು ಸ್ವರ ವಾರ ವಾರ ತಪ್ಪದೆ ಹೊಸ ಮಾತು ತರುತ್ತದೆ ಎಂದು ಗೊತ್ತಾದರೆ ಅವರಿಗೆ ಧೈರ್ಯ. ಅದಕ್ಕೇ ಆ ಮಾತು ಬೇಕು, ಅದಿಲ್ಲದೆ ಪಾಸ್ ಇಲ್ಲ.

"ಬೇಗ ಗುಣ ಆಗಿ ಮನೆಗೆ ಹೋಗಿ ಅಂತ ಹೇಳ್ತೇನೆ. ಅದು ಧೈರ್ಯ ಅಲ್ವಾ?"

"ಮನೆಗೆ ಹೋಗೋಕೆ ಆಗದೇ ಇರೋರು ಕೇಳಿಸ್ಕೊಂಡ್ರೆ?"

ಆದರೂ ನಾನು ಹೇಳುವುದಿಲ್ಲ ಎಂದೇ ಕೂತೆ. ನನ್ನ ತಂಗಿ ಮನೆಗೆ ಹೋಗುವವಳು. ಅವಳಿಗೆ ನಾನೇ ಬಾಯಿ ತೆರೆದು ಮುಂದಿನ ವಾರವೂ ಇಲ್ಲೇ ಸಿಗು ಎಂದು ಹೇಳುವುದಾ?

ಪಾಕಿಸ್ತಾನಿ ಮುದುಕನಿಗೆ ಏನೂ ತೊಂದರೆ ಆಗಲಿಲ್ಲ. ಅವನು ತನ್ನ ಭಾಷೆಯಲ್ಲಿ ಮುಂದಿನ ವಾರ ಸಿಗೋಣ ಎಂದು ಹೇಳಿ, ಹಿಂದೆಯೇ ಇನ್‌ಶಾ ಅಲ್ಲಾ ಎಂದು ಸೇರಿಸಿದ. ದೇವರ ಹೆಸರು ಎತ್ತಬಾರದು ಎಂಬ ಕಾನೂನು ಅಲ್ಲಿಗೆ ತಾಗಲಿಲ್ಲ. ಆ ದೇಶದಲ್ಲಿ ಲಿಫ್ಟ್ ರಿಪೇರಿಯವನೂ ಅದನ್ನು ಹೇಳಿಯೇ ಫೋನ್ ಇಡುತ್ತಾನೆ. ನಾವಿಬ್ಬರೂ ವಾದ ಮಾಡುವುದನ್ನು ನೋಡಿ ಮುದುಕ ನನಗೆ ಹೇಳಿ ಮುಗಿಸಿಬಿಡು ಎಂದು ಬುದ್ಧಿ ಹೇಳಿದ, "ಬೋಲ್ ದೋ ಬೆಹನ್. ಖಲಾಸ್."

ಮೂರನೇ ಶನಿವಾರವೂ ಹಾಗೆಯೇ ಮುಗಿಯಿತು. ಹೊಳೆಯ ಮಾತೆಲ್ಲ ಸರಿಯಾಗಿ ಹೇಳಿದೆ. ಕೊನೆಗೆ ಬಂದಾಗ ಬಾಯಿ ಮುಚ್ಚಿದೆ. ಅವಳು ಗಾಜಿನ ಆಚೆಯಿಂದ ಕೈಯಲ್ಲಿ ಸುತ್ತು ಸುತ್ತು ತೋರಿಸಿದಳು, ಹೇಳಿ ಹೇಳಿ ಎಂದು. ನಾನು ಮೈಕನ್ನು ನೋಡುತ್ತಾ ಕೂತೆ.

"ಅಮ್ಮ, ಮುಂದಿನ ಶನಿವಾರ ಫೈನಲ್. ನನ್ನ ಕೈಯಲ್ಲಿಲ್ಲ. ದಯವಿಟ್ಟು" ಎಂದಳು. ಅಷ್ಟು ಓದಿದವಳು ನನ್ನ ಹತ್ತಿರ ದಯವಿಟ್ಟು ಎಂದದ್ದು ನನಗೆ ಸರಿ ಕಾಣಲಿಲ್ಲ.

ಆ ವಾರ ಮನೆಯಲ್ಲಿ ತರಕಾರಿ ಕೊಚ್ಚುವಾಗಲೂ ಸ್ಕೂಲ್ ಬಸ್ಸಿಗೆ ಕಾಯುವಾಗಲೂ ಹೊಳೆಯ ಮಾತು ಹೇಳುತ್ತಿದ್ದೆ. ದೋಣಿ ಹತ್ತುವ ಕಡವಿನಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಕಾಲು ಹೂತುಹೋಗುತ್ತಿದ್ದದ್ದು. ದೋಣಿಯವನು ನಮ್ಮನ್ನು ಈಚೆ ಒಬ್ಬಳು ಆಚೆ ಒಬ್ಬಳು ಕೂರಿಸುತ್ತಿದ್ದದ್ದು. ತಂಗಿ ನೀರಿಗೆ ಕೈ ಅದ್ದುವುದು, ನಾನು ಹೊಡೆಯುವುದು. ಮೊಮ್ಮಗಳು ಬ್ಯಾಗು ನನ್ನ ಕೈಗೆ ಕೊಟ್ಟು ಸ್ವಲ್ಪ ಕೇಳಿ ಹೇಳಿದಳು, "ಅಜ್ಜಿ, ಯು ಸೌಂಡ್ ಲೈಕ್ ಮೆಟ್ರೋ." ಮೆಟ್ರೋದಲ್ಲಿ ಮುಂದಿನ ಸ್ಟೇಷನ್ ಯಾವುದೆಂದು ಹೇಳುವ ಹೆಂಗಸಿನ ಹಾಗೆ ಎಂದು. ಸರಿಯಾಗಿಯೇ ಹೇಳಿದ್ದಳು. ನಗುತ್ತಾ ಹೇಳು, ನಿಲ್ಲಿಸಿ ಹೇಳು, ಬಾಯಿ ತುಂಬ ಹೇಳು ಎಂದು ಕಲಿಸಿ ಕಲಿಸಿ ನನ್ನ ಸ್ವರವೇ ಬೇರೆ ಆಗಿತ್ತು.

ನಾಲ್ಕನೇ ಶನಿವಾರ ಫೈನಲ್ ಮಧ್ಯಾಹ್ನದ ಮೇಲೆ. ಭೇಟಿಯ ಹೊತ್ತು ಅದಕ್ಕಿಂತ ಮೊದಲು. ತಂಗಿಯ ಮಗ ಬಸ್‌ಸ್ಟ್ಯಾಂಡಿಗೆ ಬಂದು ಕಾರಿನಲ್ಲಿ ಕರೆದುಕೊಂಡು ಹೋದ. ಅವನು ಮೊದಲೇ ಮಾತು ಕಡಿಮೆಯವನು, ಆ ದಿನ ದಾರಿಯಿಡೀ ಒಂದೂ ಆಡಲಿಲ್ಲ. ಆಸ್ಪತ್ರೆಯ ಬಾಗಿಲಿನಲ್ಲಿ ನನ್ನನ್ನು ಇಳಿಸಿ, "ದೊಡ್ಡಮ್ಮ, ನೀವು ಹೋಗಿ. ನನಗೆ ಮಾರ್ಕೆಟ್ಟಿನಲ್ಲಿ ಲೋಡ್ ಬರ್ಲಿಕ್ಕುಂಟು" ಎಂದು ಹೇಳಿ ಹೋದ.

ಮೇಲೆ ಹೋದೆ. ತಂಗಿಯ ಮಂಚದ ಪಕ್ಕದಲ್ಲಿ ಎತ್ತರ ಬೆನ್ನಿನ ಒಂದು ಗಾಲಿಕುರ್ಚಿ ಇರುತ್ತಿತ್ತು. ದಿನಕ್ಕೊಮ್ಮೆ ಇಬ್ಬರು ಬಂದು ಅವಳನ್ನು ಅದರಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ತಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಆ ದಿನ ಕುರ್ಚಿ ಇರಲಿಲ್ಲ. ಮೂಗಿನ ನಳಿಗೆಯೂ ಇರಲಿಲ್ಲ. ಒಂದು ಗಳಿಗೆ ನನಗೆ ಖುಷಿಯೇ ಆಯಿತು, ಬಾಯಿಯಲ್ಲಿ ತಿನ್ನಲು ಶುರು ಮಾಡಿದಳೋ ಏನೋ ಎಂದು. ಹೊದಿಕೆ ಸರಿಸಿ ನೋಡಿದೆ. ನಳಿಗೆ ಹೊಟ್ಟೆಗೆ ಬಂದಿತ್ತು.

ನರ್ಸನ್ನು ಕರೆದೆ.

"ಕುರ್ಚಿ ಎಲ್ಲಿ?"

"ಆಚೆ ಕೋಣೆಯವರಿಗೆ ಕೊಟ್ಟಿದ್ದಾರೆ ಅಮ್ಮಾ."

"ಇವಳಿಗೆ ಯಾವಾಗ ವಾಪಸು ತರ್ತಾರೆ?"

ಅವಳು ಹೊದಿಕೆಯ ಅಂಚನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. "ಸುಳ್ಳು ಹೇಳ್ಬೇಕಾ, ಸತ್ಯ ಹೇಳ್ಬೇಕಾ?"

"ಸುಳ್ಳು ಕೇಳ್ಲಿಕ್ಕೆ ನಾನು ದುಬೈಯಿಂದ ಬರಬೇಕಾ?"

"ಕೂರಿಸುದು ನಿಲ್ಲಿಸಿದ್ದಾರೆ. ಪ್ರಯೋಜನ ಇಲ್ಲ ಅಂತ ಬರ್ದಿದ್ದಾರೆ. ಹೊಟ್ಟೆಗೆ ನಳಿಗೆ ಹಾಕುದು ಬಹಳ ಕಾಲಕ್ಕೆ ಇರುವವರಿಗೆ. ಮಗನಿಗೆ ಬುಧವಾರವೇ ಹೇಳಿದ್ದಾರೆ ಅಮ್ಮಾ."

"ಬಹಳ ಕಾಲ ಅಂದರೆ?"

"ಇರುವಷ್ಟು ಕಾಲ."

ನಾನು ತಂಗಿಯ ಪಕ್ಕ ಕೂತೆ. ಆ ದಿನ ಕಿವಿಯ ಹತ್ತಿರ ಏನೂ ಮಾತಾಡಲಿಲ್ಲ. ಅವಳ ಕೈ ಉಗುರು ಬೆಳೆದಿತ್ತು. ನರ್ಸಿನ ಹತ್ತಿರ ಕಟ್ಟರ್ ತೆಗೆದುಕೊಂಡು ಕತ್ತರಿಸಿದೆ. ಬೀಡಿ ಕಟ್ಟುವವರು ಉಗುರು ಬೆಳೆಯಲು ಬಿಡುವುದಿಲ್ಲ, ಎಲೆ ಹರಿಯುತ್ತದೆ. ಅವಳ ಬೆರಳು ನೀರಿನಲ್ಲಿ ನೆನೆದ ಹಾಗೆ ಮೆತ್ತಗಾಗಿತ್ತು. ಒಂದು ಬೆರಳು ಸಹ ನನ್ನ ಕೈಯಿಂದ ಎಳೆದುಕೊಳ್ಳಲಿಲ್ಲ. ಮೊದಲಾದರೆ ಉಗುರು ತೆಗೆಯಲು ಹೋದರೆ ಕೈಗೇ ಹೊಡೆಯುತ್ತಿದ್ದಳು.

ಭೇಟಿಯ ಹೊತ್ತು ಮುಗಿಯಿತು. ಕೆಳಗೆ ಹೋದೆ.

ಕೋಣೆಯ ಹೊರಗೆ ಎಲ್ಲರೂ ಸಾಲಾಗಿ ಕೂತಿದ್ದರು. ಫಿಲಿಪಿನೋ ಹೆಂಗಸು ನನಗೊಂದು ಮಿಠಾಯಿ ಕೊಟ್ಟಳು, ಗಂಟಲಿಗೆ ಒಳ್ಳೆಯದೆಂದು. ಮುದುಕ ಒಳಗೆ ಹೋಗಿ ಬಂದು ಹೆಬ್ಬೆರಳು ಎತ್ತಿ ತೋರಿಸಿದ. ನನ್ನ ಸರದಿ ಬಂತು. ಮೈಸೂರಿನವಳು ಮೈಕು ಸರಿಮಾಡುತ್ತಾ ನನ್ನ ಮುಖ ನೋಡಿದಳು.

"ಹುಷಾರಾಗಿದ್ದೀರಾ ಅಮ್ಮ?"

"ಹುಷಾರಿಲ್ಲದವರು ಮೇಲಿದ್ದಾರೆ. ಶುರು ಮಾಡುವ."

ಕೆಂಪು ದೀಪ ಬಂತು. ನಮಸ್ಕಾರ ಎಂದೆ. ಊಟ ಕೇಳಲಿಲ್ಲ. ಹೊಳೆಯ ಮಾತು ಹೇಳಿದೆ. ಎಲ್ಲಿ ನಗಬೇಕೋ ಅಲ್ಲಿ ನಕ್ಕೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಇಬ್ಬರು ಹುಡುಗಿಯರು ಸುಮ್ಮನೆ ಹೊಳೆ ದಾಟಿದರು, ಸುಮ್ಮನೆ ವಾಪಸು ಬಂದರು. ಕೊನೆಗೆ ಬಂದಾಗ ಗಾಜಿನ ಆಚೆ ಅವಳು ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು. ನಾನು ಆ ಮಾತು ಹೇಳಿದ್ದು ಅವಳ ದಾಕ್ಷಿಣ್ಯಕ್ಕೆ ಅಲ್ಲ. ಪಾಸಾಗಬೇಕೆಂದೂ ಅಲ್ಲ. ಹೇಳದೆ ಉಳಿಸಿಕೊಳ್ಳಲು ಏನೂ ಇರಲಿಲ್ಲ.

"ಮುಂದಿನ ವಾರ ಇಲ್ಲೇ, ಇದೇ ಹೊತ್ತಿಗೆ ಮತ್ತೆ ಸಿಗೋಣ."

ಅವಳು ಬಾಗಿಲು ತೆಗೆದುಕೊಂಡು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ಎಷ್ಟು ಚೆನ್ನಾಗಿ ಹೇಳಿದ್ರಿ ಅಮ್ಮ! ಆ ಕೊನೇ ಮಾತಿದೆಯಲ್ಲ, ಮನಸ್ಸಿನಿಂದ ಬಂತು!"

"ಬಂತು" ಎಂದೆ.

ಆ ದಿನವೇ ಸಂಜೆ ಹಾಕುತ್ತೇವೆ ಎಂದರು. ಮೊದಲ ಸಲ ಮಾತಾಡಿದವರಿಗೆ ವಾರ್ಡಿಗೆ ಹೋಗಿ ಕೇಳಲು ಬಿಡುತ್ತಾರೆ. ನಾನು ಹೋಗಿ ತಂಗಿಯ ಹತ್ತಿರ ಕೂತೆ. ನರ್ಸ್ ಸ್ಪೀಕರನ್ನು ಅವಳ ಕಿವಿಗೆ ತಾಗಿಸಿ ಇಟ್ಟು, ಸದ್ದು ಸ್ವಲ್ಪ ಜಾಸ್ತಿ ಮಾಡಿದಳು. ಮೊದಲು ಒಂದು ಸಂಗೀತ ಬಂತು. ಆಮೇಲೆ ನಾನು ಬಂದೆ. ದಿಂಬಿನ ಒಳಗಿನಿಂದ ಒಬ್ಬಳು ಹೆಂಗಸು ಕನ್ನಡ ಮಾತಾಡುತ್ತಿದ್ದಳು. ಯಾರೋ ಒಳ್ಳೆಯ ಮನೆಯವಳು, ತಾಳ್ಮೆಯವಳು, ಮಕ್ಕಳಿಗೆ ಕತೆ ಹೇಳುವವಳು. ಪಕ್ಕದಲ್ಲಿ ಕೂತ ನನಗೇ ಅವಳ ಗುರ್ತ ಸಿಗಲಿಲ್ಲ. ಇನ್ನು ತಂಗಿಗೆ ಹೇಗೆ ಸಿಗಬೇಕು?

"ಅಮ್ಮಾ ನೋಡಿ, ಕಣ್ಣು ಅಲ್ಲಾಡಿತು" ಎಂದಳು ನರ್ಸ್.

"ಅದು ಯಾವಾಗಲೂ ಅಲ್ಲಾಡ್ತದೆ."

ಆಚೆ ಮಂಚದ ಮುದುಕಿ, ಯಾವ ದೇಶದವಳೋ, ಅವಳ ದಿಂಬಿನಿಂದಲೂ ಅದೇ ಸ್ವರ ಬರುತ್ತಿತ್ತು. ಅವಳಿಗೆ ಕನ್ನಡವೂ ಬಾರದು, ಹೊಳೆಯೂ ಗೊತ್ತಿಲ್ಲ. ಇಬ್ಬರೂ ಒಂದೇ ಹಾಗೆ ಮಲಗಿ ಕೇಳಿದರು. ಕೇಳಿದರೋ ಇಲ್ಲವೋ. ಕೊನೆಯ ಮಾತೂ ಬಂತು, ಸಂಗೀತವೂ ಮುಗಿಯಿತು. ತಂಗಿಯ ಬಾಯಿಯ ಬದಿಯಲ್ಲಿ ಜೊಲ್ಲು ಇಳಿದಿತ್ತು. ಒರೆಸಿದೆ. ಹೊರಡುವಾಗ ನಾನು ಬಾಯಿಯಿಂದ ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಆಗಲೇ ರೇಡಿಯೋದಲ್ಲಿ ಹೇಳಿಯಾಗಿತ್ತು.

ಆ ರಾತ್ರಿ ತಂಗಿಯ ಮಗನ ಫ್ಲಾಟಿನಲ್ಲಿ ಉಳಿದೆ. ಬುಧವಾರವೇ ಯಾಕೆ ಹೇಳಲಿಲ್ಲ ಎಂದು ನಾನು ಅವನನ್ನು ಕೇಳಲಿಲ್ಲ. ಅವನು ಗಂಜಿ ಮಾಡಿ ಬಡಿಸಿದ.

ಮರುದಿನ ಬೆಳಿಗ್ಗೆ ಎದ್ದು, ಚಾ ಕುಡಿದು, ಊರಿನಲ್ಲಿರುವ ನಮ್ಮ ಅತ್ತಿಗೆಗೆ ಫೋನ್ ಮಾಡಿದೆ. ಗಂಡ ಟೈಲರ್ ಅಂಗಡಿಯಲ್ಲಿ ದುಡಿದದ್ದರಲ್ಲಿ ತಂಗಿ ಊರಿನಲ್ಲಿ ಒಂದು ಸಣ್ಣ ಮನೆ ಕಟ್ಟಿಸಿ ಬೀಗ ಹಾಕಿ ಬಂದಿದ್ದಳು. ಅದರ ಬೀಗದ ಕೈ ಅತ್ತಿಗೆಯ ಹತ್ತಿರ ಇತ್ತು.

"ಅವಳ ಮನೆಗೆ ಬಾಡಿಗೆಯವರು ಯಾರಾದರೂ ಸಿಗ್ತಾರಾ ನೋಡಿ ಅತ್ತಿಗೆ" ಎಂದೆ.

ಅವರು ಕೇಳಿದರು, "ಎಷ್ಟು ಸಮಯಕ್ಕೆ ಅಂತ ಹೇಳ್ಲಿ?"

"ಸಮಯ ಹೇಳ್ಬೇಡಿ. ಮಕ್ಕಳಿರುವವರಾದರೆ ಒಳ್ಳೇದು. ಬಾವಿಗೆ ಬಲೆ ಹಾಕಿಸಿ."